ಅಡ್ಡಹೆಸರಿನ ಪೆಟ್ಟು

ವಾರ್ಷಿಕ ಸಂಚಿಕೆಗೆ ಲೇಖನ ಕೊಡಿರೆಂದು ಸಂಪಾದಕ ಮಂಡಲಿಯ ವಿದ್ಯಾರ್ಥಿಗಳು ಬಂದು ನಿಂತಾಗ, ಪ್ರತಿ ವರ್ಷದಂತೆ ಈ ವರ್ಷವೂ ವ್ಯಾಕರಣದ ಯಾವುದಾದರೊಂದು ಸ್ವಾರಸ್ಯವನ್ನು ಕುರಿತು ನಾಲ್ಕು ಪುಟ ಬರೆದುಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಅಂಥ ಲೇಖನಗಳಿಗೆ ಯಾರ ಆಕ್ಷೇಪಣೆಯೂ ಇರುವುದಿಲ್ಲ. ಅವನ್ನು ಯಾರೂ ಓದುವುದಿಲ್ಲವೆಂಬುದು ಬೇರೆಯ ಮಾತು. ಆದರೆ ಅವರು ನನ್ನ ಮುಂದೆ ನಿಂತಿದ್ದ ಹೊತ್ತಿಗೇ ಹೊರಗೆ ಅಂಗಳದಲ್ಲಿ ಯಾರೋ ಯಾರನ್ನೋ "ಏ ಸೋಡಾಬುಡ್ಡಿ" ಎಂದು ಕೂಗಿದ್ದು ಕೇಳಿಸಿತು. ಅದರ ಬೆನ್ನಿಗೇ ಏಳೆಂಟು ಮಂದಿ ನಕ್ಕದ್ದೂ ಕೇಳಿಸಿತು. ನನ್ನೆದುರಿಗಿದ್ದ ಮೂವರು ಸಂಪಾದಕರೂ ಸಣ್ಣಗೆ ನಕ್ಕರು. ಕೂಗಿಸಿಕೊಂಡವನು ಯಾರೆಂದು ಕೇಳಿದೆ. ಗೊತ್ತಿತ್ತು. ಅವನ ನಿಜವಾದ ಹೆಸರೇನೆಂದು ಕೇಳಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವರು ಒಳ್ಳೆಯ ಹುಡುಗರು, ಯಾರಿಗೂ ಕೇಡು ಬಯಸುವವರಲ್ಲ. ಹಾಗಾಗಿಯೇ ಈ ವಿಷಯವನ್ನು ಬರೆಯಬೇಕೆನಿಸಿತು.

ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿ ಇನ್ನೊಬ್ಬನನ್ನು ಪೀಡಿಸುವುದು ಹೊಸದಲ್ಲ. ಶಾಲೆಗಳು ಹುಟ್ಟಿದಂದಿನಿಂದಲೂ ಇದು ಇದ್ದಿರಬೇಕು. ಹೊಡೆಯುವುದು, ಊಟದ ಡಬ್ಬಿ ಅಡಗಿಸುವುದು, ಸೈಕಲ್ಲಿನ ಗಾಳಿ ಬಿಡುವುದು, ಅಡ್ಡಹೆಸರಿಟ್ಟು ಕರೆಯುವುದು, ಆಟಕ್ಕೆ ಸೇರಿಸಿಕೊಳ್ಳದಿರುವುದು, ಹೀಗೆ ಅದಕ್ಕೆ ಹಲವು ರೂಪಗಳು. ಇಷ್ಟಿದ್ದರೂ ನಾವು ಅದನ್ನು ಪೀಡೆ ಎಂದು ಕರೆಯುವುದಿಲ್ಲ. ಕೀಟಲೆ, ಚೇಷ್ಟೆ, ತಮಾಷೆ ಎನ್ನುತ್ತೇವೆ. ಹೆಸರಿಡುವಾಗಲೇ ಅರ್ಧ ಕ್ಷಮಿಸಿಬಿಟ್ಟಿರುತ್ತೇವೆ. ಇವುಗಳಲ್ಲಿ ಹೊಡೆತಕ್ಕೆ ಗಾಯವಾದರೂ ಕಾಣುತ್ತದೆ, ಯಾರಾದರೊಬ್ಬರು ಕೇಳುತ್ತಾರೆ. ಅಡ್ಡಹೆಸರಿನ ಪೆಟ್ಟು ಕಾಣುವುದಿಲ್ಲ. ಆದ್ದರಿಂದ ನಾನು ಇಲ್ಲಿ ಮುಖ್ಯವಾಗಿ ಅದನ್ನು ಕುರಿತೇ ಬರೆಯುತ್ತೇನೆ. ಬರೆಯಲು ನನಗೆ ಇನ್ನೊಂದು ಕಾರಣವೂ ಉಂಟು. ಅಂಥ ಒಂದು ಹೆಸರನ್ನು ಇಟ್ಟವನು ನಾನೇ.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನಿದ್ದ ಶಾಲೆಯ ಹೆಸರು ಬೇಡ; ತಪ್ಪು ಶಾಲೆಯದಲ್ಲ, ನನ್ನದು. ಎಂಟನೆಯ ತರಗತಿಗೆ ಒಬ್ಬ ಹುಡುಗ ಹೊಸದಾಗಿ ಬಂದ. ತಂದೆತಾಯಿ ವರ್ಷದಲ್ಲಿ ಹಲವು ತಿಂಗಳು ಗುಳೆ ಹೋಗುವವರು. ಹಾಗಾಗಿ ಅವನು ಗದ್ವಾಲದ ಕಡೆ, ಕೃಷ್ಣೆ ತುಂಗಭದ್ರೆಗಳ ನಡುವಿನ ನಡಿಗಡ್ಡೆಯ ಒಂದು ಹಳ್ಳಿಯಲ್ಲಿ, ಅಜ್ಜಿಯ ಮನೆಯಲ್ಲಿದ್ದುಕೊಂಡು ಏಳನೆಯ ತರಗತಿಯವರೆಗೆ ತೆಲುಗು ಶಾಲೆಯಲ್ಲಿ ಓದಿದ್ದ. ಅಜ್ಜಿ ತೀರಿಕೊಂಡ ಮೇಲೆ ತಂದೆಯ ಊರಿಗೆ ಬಂದು ನಮ್ಮ ಶಾಲೆ ಸೇರಿದ. ಮನೆಮಾತು ಕನ್ನಡವೇ, ಓದುಬರಹ ಮಾತ್ರ ತೆಲುಗಿನದು. ಎರಡು ಲಿಪಿಗಳಿಗೂ ಅಕ್ಕತಂಗಿಯರ ಹೋಲಿಕೆ. ದೂರದಿಂದ ಒಂದೇ ಎನಿಸುತ್ತದೆ. ಹತ್ತಿರ ಹೋದರೆ ಇವಳು ಅವಳಲ್ಲವೆಂದು ತಿಳಿಯುತ್ತದೆ. ಹುಡುಗ ಒಂದೊಂದು ಅಕ್ಷರದ ಮುಂದೆಯೂ ಕ್ಷಣ ನಿಂತು ಓದುತ್ತಿದ್ದ. ಆದರೆ ಓದುತ್ತಿದ್ದ. ಮೊದಲ ಎರಡು ತಿಂಗಳಲ್ಲಿ ಅವನು ಕಲಿತ ವೇಗ ನೋಡಿ ನಾನೇ ಸಹೋದ್ಯೋಗಿಗಳ ಮುಂದೆ ಹೊಗಳಿದ್ದೆ. ಅವನ ಮುಂದೆ ಹೊಗಳಲಿಲ್ಲ.

ಒಂದು ದಿನ ಅಣ್ಣತಮ್ಮಂದಿರ ಆಸ್ತಿ ಹಂಚಿಕೆಯ ಪ್ರಸಂಗವಿದ್ದ ಕಥೆಯೊಂದನ್ನು ಓದಿಸುತ್ತಿದ್ದೆ. ತಮ್ಮ ತನ್ನ ಪಾಲು ಬೇಕೆಂದು ಹಟ ಹಿಡಿಯುವ ಸನ್ನಿವೇಶ. ಇವನನ್ನು ಎಬ್ಬಿಸಿ ಅರ್ಥ ಹೇಳೆಂದೆ. ಸ್ವಲ್ಪ ತಡೆದು, "ತಮ್ಮ ಹಾಲು ಬೇಕಂತ ಹಟ ಹಿಡದಾನ್ರಿ ಸರ" ಎಂದ. ತೆಲುಗಿನಲ್ಲಿ ಪಾಲು ಎಂದರೆ ಹಾಲು. ಅವನಿಗೆ ಅದು ಸಹಜವಾಗಿಯೇ ಹೊಳೆದಿತ್ತು. ನಾನು ಅದನ್ನು ತಿಳಿಯದವನಲ್ಲ. ಆದರೂ ಮಧ್ಯಾಹ್ನದ ತೂಕಡಿಕೆಯ ತರಗತಿಯನ್ನು ಎಚ್ಚರಿಸುವ ಉತ್ಸಾಹದಲ್ಲಿ, "ಹೌದೇನೋ? ಎಷ್ಟು ಲೀಟರ್ ಬೇಕಂತಪಾ? ಡೇರಿಗೆ ಹೇಳಿ ಕಳಸೂನೇನು?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅವನೂ ನಕ್ಕ. ಅವನು ನಕ್ಕದ್ದನ್ನು ನಾನು ಆಮೇಲೆ ಬಹಳ ಸಲ ನೆನೆಸಿಕೊಂಡಿದ್ದೇನೆ. ನಕ್ಕನಲ್ಲಾ, ನೋವಾಗಿಲ್ಲ ಎಂದು ಅಂದು ತಿಳಿದುಕೊಂಡೆ. ನಲವತ್ತು ಮಂದಿ ನಗುವಾಗ ನಡುವೆ ನಿಂತವನಿಗೆ ನಗುವುದನ್ನು ಬಿಟ್ಟು ಬೇರೆ ದಾರಿ ಏನಿರುತ್ತದೆ?

ಸಂಜೆಯ ಹೊತ್ತಿಗೆ ಅವನ ಹೆಸರು "ಪಾಲು" ಎಂದಾಗಿತ್ತು. ವಾರ ಕಳೆಯುವುದರೊಳಗೆ ಬೇರೆ ತರಗತಿಗಳವರೂ ಅದೇ ಹೆಸರಿನಿಂದ ಕರೆಯತೊಡಗಿದರು. "ಏ ಪಾಲು, ಮೊಸರಾದಿಯೇನೋ?", "ಪಾಲು ಒಡದೈತ್ರಲೇ" ಎಂದು ಮೊದಲಾಗಿ ಅದಕ್ಕೆ ಬಾಲಗಳು ಬೆಳೆದವು. ಇವೆಲ್ಲ ನನ್ನ ಕಿವಿಗೂ ಬೀಳುತ್ತಿದ್ದವು. ಹುಡುಗರ ಚೇಷ್ಟೆ ಎಂದು ಸುಮ್ಮನಿದ್ದೆ. ಕನ್ನಡದ ಪೀರಿಯಡ್ಡಿನಲ್ಲಿ ಅವನು ನೀರು ಕುಡಿದು ಬರುತ್ತೇನೆಂದು ಹೋಗಿ ಗಂಟೆ ಹೊಡೆಯುವ ಹೊತ್ತಿಗೆ ಬರುತ್ತಿದ್ದ. ಓದಿಸುವ ದಿನ ಹೊಟ್ಟೆನೋವು. ಮಧ್ಯಾಹ್ನದ ಊಟಕ್ಕೆ ತಟ್ಟೆ ಹಿಡಿದು ನೀರಿನ ಟಾಕಿಯ ಹಿಂದೆ ಒಬ್ಬನೇ ಹೋಗಿ ಕೂಡುತ್ತಿದ್ದ. ಎರಡನೆಯ ಬೆಂಚಿನವನು ಕಡೆಯ ಬೆಂಚಿಗೆ ಸರಿದಿದ್ದ. ಇಷ್ಟೂ ಲಕ್ಷಣಗಳನ್ನು ಬಿ.ಎಡ್. ತರಬೇತಿಯಲ್ಲಿ ಮನಶ್ಶಾಸ್ತ್ರದ ಪತ್ರಿಕೆಗಾಗಿ ನಾನು ಬಾಯಿಪಾಠ ಮಾಡಿದ್ದೆ. ಸಮಾಯೋಜನೆ, ಕೀಳರಿಮೆ, ಹಿಂಜರಿಕೆ ಎಂಬ ಪದಗಳಿಗೆ ಲಕ್ಷಣ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಕಣ್ಣ ಮುಂದಿನ ಹುಡುಗನ ವಿಷಯದಲ್ಲಿ ಮಾತ್ರ ನಾನು ಬರೆದದ್ದು ಒಂದೇ ಮಾತು: "ಓದಿನಲ್ಲಿ ಆಸಕ್ತಿ ಸಾಲದು."

ಗಣೇಶನ ಹಬ್ಬದ ನಂತರ ಅವನು ಶಾಲೆಗೆ ಬರಲಿಲ್ಲ. ಹದಿನೈದು ದಿನ ನೋಡಿ ಮನೆಗೆ ಹೋದೆ. ತಂದೆತಾಯಿ ಇನ್ನೂ ಗುಳೆ ಹೊರಟಿರಲಿಲ್ಲ. ತಾಯಿ ಹೊರಗೆ ಬಂದು, "ಸಾಲಿಗಿ ಹೋಗಪಾ ಅಂದ್ರ ದಿನಾ ಹೊಟ್ಟಿ ಹಿಡಕೊಂಡು ಅಳ್ತಿದ್ದನ್ರಿ ಸರ. ದವಾಖಾನಿಗಿ ತೋರಿಸಿದ್ವಿ, ಏನಿಲ್ಲ ಅಂದ್ರು. ಈಗ ಅವರ ಮಾವನ ಊರಾಗ ಹತ್ತಿ ಕೆಲಸಕ್ಕ ಹೋಗ್ಯಾನ್ರಿ" ಎಂದಳು. ಗದ್ವಾಲ ಸೀಮೆಯಲ್ಲಿ ಹೈಬ್ರಿಡ್ ಹತ್ತಿಬೀಜ ಬೆಳೆಯುವ ಹೊಲಗಳು ಬಹಳ. ಸಂಜೆ ಹೊತ್ತು ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೆಳಗ್ಗೆ ಬೇರೆ ಗಿಡದ ಗಂಡುಹೂವಿನ ಪರಾಗ ತಾಗಿಸಬೇಕು. ಸಣ್ಣ ಕೈಗಳಿಗೆ ಆ ಕೆಲಸ ಒಗ್ಗುತ್ತದೆಂದು ಮಕ್ಕಳನ್ನು ಹಚ್ಚುವ ಕೆಟ್ಟ ರೂಢಿ ಅಲ್ಲಿ ಬಹಳ ಕಾಲದಿಂದ ಉಂಟು. ಮುಂದಿನ ಭಾನುವಾರ ಬಸ್ಸು ಹಿಡಿದು ಅಲ್ಲಿಗೂ ಹೋದೆ. ಹೊಲದ ಬದುವಿನ ಮೇಲೆ ನಿಂತು ಕರೆದರೆ ಬಂದ. ಬೆರಳ ತುದಿಗಳೆಲ್ಲ ಹಳದಿಯಾಗಿದ್ದವು. "ಬಿಸಲಾಗ ಈ ಕೆಲಸ ಯಾಕಪಾ? ಸಾಲಿ ಬ್ಯಾಡೇನು?" ಎಂದು ಕೇಳಿದೆ. ಬಹಳ ಹೊತ್ತು ನೆಲ ನೋಡಿದ. ಆಮೇಲೆ, "ಇಲ್ಲಿ ಯಾರೂ ನಗಂಗಿಲ್ರಿ ಸರ" ಎಂದ.

ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ನನ್ನದೇ ಒಂದು ಹೆಸರು ನೆನಪಾಯಿತು. ಅದನ್ನು ಮರೆತು ಇಪ್ಪತ್ತೈದು ವರ್ಷವಾಗಿತ್ತು.

ನಾನು ಮಕ್ತಲ್ ಸೀಮೆಯ ಹಳ್ಳಿಯವನು. ಏಳನೆಯ ತರಗತಿಯವರೆಗೆ ಕನ್ನಡ ಶಾಲೆ; ಮುಂದೆ ಪಟ್ಟಣದಲ್ಲಿ ತೆಲುಗು ಮಾಧ್ಯಮ. ಮೊದಲ ವಾರದಲ್ಲೇ ತೆಲುಗು ಪಂಡಿತರು ಚಿತ್ರ ತೋರಿಸಿ ಇದು ಯಾವ ಪ್ರಾಣಿಯೆಂದು ಕೇಳಿದರು. ಪುಲಿ ಎನ್ನಬೇಕಾದಲ್ಲಿ ನಾನು ಹುಲಿ ಎಂದೆ. ಅಲ್ಲಿಂದ ಎರಡು ವರ್ಷ ನಾನು "ಹುಲಿ"ಯಾಗಿದ್ದೆ. ನನ್ನಷ್ಟು ಅಂಜುಬುರುಕ ಆ ತರಗತಿಯಲ್ಲಿ ಇನ್ನೊಬ್ಬನಿರಲಿಲ್ಲ. ಅದರಿಂದ ಆ ಹೆಸರು ಇನ್ನಷ್ಟು ಸೊಗಸಾಗಿ ಒಪ್ಪುತ್ತಿತ್ತು. ನಾನು ಹತ್ತಿರ ಬಂದರೆ ಹೆದರಿದವರಂತೆ ನಟಿಸಿ ಓಡುವುದು ಅವರಿಗೆ ಒಂದು ಆಟ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಬೆಕ್ಕು ಒಂದೇ. ನನಗೆ ಮೂವತ್ತು ಬೆಕ್ಕುಗಳಿದ್ದವು. ಪಕಾರದಿಂದ ಶುರುವಾಗುವ ತೆಲುಗು ಪದ ಬರುವುದಿದ್ದರೆ ವಾಕ್ಯವನ್ನೇ ಬದಲಿಸಿ ಮಾತನಾಡುವುದನ್ನು ಕಲಿತೆ. ಪ್ರಾಥಮಿಕ ಶಾಲೆಯಲ್ಲಿ ಭಾಷಣ ಸ್ಪರ್ಧೆಗೆ ಮೊದಲು ಹೆಸರು ಕೊಡುತ್ತಿದ್ದವನು ಪ್ರೌಢಶಾಲೆಯ ಮೂರು ವರ್ಷ ವೇದಿಕೆ ಹತ್ತಲಿಲ್ಲ.

ಇದನ್ನು ಕೇಳಿದ ಗೆಳೆಯರೊಬ್ಬರು, "ಹಾಗೆ ಅಣಕಿಸಿದ್ದಕ್ಕೇ ನಿಮ್ಮ ತೆಲುಗು ಇಷ್ಟು ಚೊಕ್ಕವಾಯಿತು" ಎಂದರು. ಇದು ಬಹಳ ಜನರ ನಂಬಿಕೆ. ನಾವೂ ಹೀಗೆಯೇ ಬೆಳೆದೆವು, ಏನು ಕೆಟ್ಟುಹೋದೆವು ಎಂಬುದು ಅದರ ಇನ್ನೊಂದು ರೂಪ. ನನಗೆ ಅದು ಒಪ್ಪಿಗೆಯಿಲ್ಲ. ನನಗೆ ತೆಲುಗು ಬಂದದ್ದು ಅಣಕಿಸಿದವರಿಂದಲ್ಲ. ಶಾಲೆಯಿಂದ ಬಸ್ ನಿಲ್ದಾಣದವರೆಗೆ ದಿನವೂ ನನ್ನ ಜೊತೆ ನಡೆಯುತ್ತಿದ್ದ ಒಬ್ಬ ನೇಕಾರರ ಹುಡುಗನಿಂದ ಬಂತು. ನಾನು ತಪ್ಪಿದರೆ ಅವನು ನಗದೆ ಸರಿಯಾದ ಪದ ಹೇಳಿ ಮುಂದಿನ ಮಾತಿಗೆ ಹೋಗುತ್ತಿದ್ದ. ಬೆಳೆದವರು ನಾವು ಕೆಟ್ಟಿಲ್ಲವೆನ್ನುತ್ತೇವೆ. ಶಾಲೆ ಬಿಟ್ಟು ಹೋದವರು ಬಂದು ಸಾಕ್ಷಿ ಹೇಳುವುದಿಲ್ಲ. ಇನ್ನೂ ನಾಚಿಕೆಯ ಸಂಗತಿಯೆಂದರೆ, ಹುಲಿಯಾಗಿದ್ದವನೇ ಮುಂದೆ ಇನ್ನೊಬ್ಬನನ್ನು ಪಾಲು ಮಾಡಿದೆ. ನೋವುಂಡವನಿಗೆ ಇನ್ನೊಬ್ಬರ ನೋವು ತಾನಾಗಿಯೇ ತಿಳಿಯುತ್ತದೆ ಎನ್ನುತ್ತಾರಲ್ಲ, ಅದು ನಿಜವಲ್ಲ.

ಆ ನಂತರ ಈ ವಿಷಯವನ್ನು ಸ್ವಲ್ಪ ಓದಿದೆ. ಜಗತ್ತಿನಲ್ಲಿ ಇದನ್ನು ಶಾಸ್ತ್ರೀಯವಾಗಿ ಮೊದಲು ಅಭ್ಯಾಸ ಮಾಡಿದವರಲ್ಲಿ ಪ್ರಮುಖರು ಡಾನ್ ಓಲ್ವೆಯುಸ್ ಎಂಬ ಮನಶ್ಶಾಸ್ತ್ರಜ್ಞರು. ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯಲ್ಲಿ ಕೆಲಸ ಮಾಡಿದವರು. ಅವರ ಮೊದಲ ಪುಸ್ತಕ ಬಂದದ್ದು 1973ರಲ್ಲಿ. ಆಗ ಹೆಚ್ಚು ಜನ ಕಿವಿಗೊಡಲಿಲ್ಲ. 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಮೂವರು ಹುಡುಗರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ಪೀಡನೆಯೇ ಕಾರಣವಿರಬೇಕೆಂದು ತಿಳಿದಾಗ ಆ ದೇಶ ಎಚ್ಚೆತ್ತು 1983ರಲ್ಲಿ ಎಲ್ಲ ಶಾಲೆಗಳಲ್ಲೂ ಇದರ ವಿರುದ್ಧ ಚಳವಳಿ ಆರಂಭಿಸಿತು. ತಮಾಷೆಗೂ ಪೀಡನೆಗೂ ಇರುವ ಗೆರೆಯನ್ನು ಓಲ್ವೆಯುಸರು ಸರಳವಾಗಿ ಎಳೆದಿದ್ದಾರೆ. ನೋಯಿಸುವ ನಡವಳಿಕೆಯಿರಬೇಕು, ಅದು ಮತ್ತೆ ಮತ್ತೆ ನಡೆಯಬೇಕು, ಮತ್ತು ಪೀಡಿತನಿಗೆ ತಿರುಗಿ ನಿಲ್ಲುವ ಬಲವಿರಬಾರದು. ಇಬ್ಬರು ಗೆಳೆಯರು ಒಬ್ಬರನ್ನೊಬ್ಬರು ಡುಮ್ಮ, ಗಿಡ್ಡ ಎಂದುಕೊಂಡರೆ ಅದು ಪೀಡನೆಯಲ್ಲ. ಸಾಕು ಎಂದರೆ ಇಬ್ಬರೂ ನಿಲ್ಲಿಸಬಲ್ಲರು. ಆದ್ದರಿಂದ ವಿದ್ಯಾರ್ಥಿ ಮಿತ್ರರು ಹೆದರಬೇಕಾಗಿಲ್ಲ, ನಗೆಯನ್ನೇ ನಿಷೇಧಿಸಬೇಕೆಂದು ನಾನು ಹೇಳುತ್ತಿಲ್ಲ. ಬಲ ಎಂದರೆ ತೋಳಿನ ಬಲವೇ ಆಗಬೇಕಾಗಿಲ್ಲವೆಂಬುದನ್ನು ಮಾತ್ರ ಗಮನಿಸಬೇಕು. ಹೊಸಬನ ಮುಂದೆ ಹಳಬನಿಗೆ ಬಲ, ತೊದಲುವವನ ಮುಂದೆ ಮಾತುಗಾರನಿಗೆ ಬಲ, ಒಬ್ಬನ ಮುಂದೆ ಹತ್ತು ಜನರಿಗೆ ಬಲ. ವಿದ್ಯಾರ್ಥಿಯ ಮುಂದೆ ಮೇಜಿನ ಹಿಂದೆ ನಿಂತ ಮಾಸ್ತರನಿಗಂತೂ ಕೇಳುವುದೇ ಬೇಡ.

ಕಾಲ ಕಳೆದರೆ ಮರೆಯುತ್ತದೆ ಎಂಬ ಸಮಾಧಾನಕ್ಕೂ ಆಧಾರ ಸಾಲದು. ಬ್ರಿಟನ್ನಿನಲ್ಲಿ 1958ರ ಒಂದು ವಾರದಲ್ಲಿ ಹುಟ್ಟಿದ ಮಕ್ಕಳನ್ನು ಜೀವಮಾನವಿಡೀ ಗಮನಿಸುತ್ತ ಬಂದ ಒಂದು ಅಭ್ಯಾಸವಿದೆ. ಅವರಲ್ಲಿ 7,771 ಜನರ ವಿವರಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, 7 ಮತ್ತು 11ನೆಯ ವಯಸ್ಸಿನಲ್ಲಿ ಪೀಡನೆಗೊಳಗಾದವರಲ್ಲಿ 50ನೆಯ ವಯಸ್ಸಿನಲ್ಲಿಯೂ ಖಿನ್ನತೆ ಮೊದಲಾದ ತೊಂದರೆಗಳು ಇತರರಿಗಿಂತ ಹೆಚ್ಚಾಗಿದ್ದವು. ನಲವತ್ತು ವರ್ಷದ ಸಂಸಾರ, ನೌಕರಿ, ಮಕ್ಕಳುಮರಿ ಎಲ್ಲ ಆದ ಮೇಲೂ! ಇದು ದೂರದೇಶದ ಸಮಸ್ಯೆಯೂ ಅಲ್ಲ. ಯುನೆಸ್ಕೋ 2019ರಲ್ಲಿ ಹಲವು ದೇಶಗಳ ಅಂಕಿಅಂಶ ಸೇರಿಸಿ ನೋಡಿದಾಗ, ಸುಮಾರು ಮೂವರಲ್ಲೊಬ್ಬ ವಿದ್ಯಾರ್ಥಿ ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಪೀಡನೆ ಅನುಭವಿಸಿದ್ದ. ನಮ್ಮ ತರಗತಿಯಲ್ಲಿ ನಲವತ್ತು ಮಂದಿ ಇದ್ದರೆ ಹದಿಮೂರು ಮಂದಿ ಎಂದು ಲೆಕ್ಕ ಮಾಡಿಕೊಳ್ಳಿ.

ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ಕೆನಡಾದ ಒಂದು ಸಣ್ಣ ಅಭ್ಯಾಸ, 2001ರಲ್ಲಿ ಪ್ರಕಟವಾದದ್ದು. ಸಂಶೋಧಕರು ಶಾಲೆಯ ಆಟದ ಬಯಲಿನಲ್ಲಿ ಕ್ಯಾಮೆರಾ ಇಟ್ಟು ನೋಡಿದರು. ಪೀಡನೆಯ ಪ್ರಸಂಗಗಳಲ್ಲಿ ನೂರಕ್ಕೆ 88ರಲ್ಲಿ ಬೇರೆ ಮಕ್ಕಳು ಪಕ್ಕದಲ್ಲಿ ಇದ್ದರು. ಯಾರಾದರೊಬ್ಬರು ನಡುವೆ ಬಂದು ತಡೆದದ್ದು 19ರಲ್ಲಿ ಮಾತ್ರ. ಆದರೆ ಹಾಗೆ ತಡೆದಲ್ಲಿ, ಅರ್ಧಕ್ಕಿಂತ ಹೆಚ್ಚು ಸಲ, ಹತ್ತು ಸೆಕೆಂಡಿನೊಳಗೆ ಪೀಡನೆ ನಿಂತುಹೋಯಿತು. ನಾವು ಸಾಮಾನ್ಯವಾಗಿ ಇದನ್ನು ಇಬ್ಬರ ವ್ಯವಹಾರವೆಂದು ತಿಳಿಯುತ್ತೇವೆ, ಪೀಡಿಸುವವನಿಗೆ ಶಿಕ್ಷೆ, ಪೀಡಿತನಿಗೆ ಉಪದೇಶ ಎಂದು ಹಂಚಿಬಿಡುತ್ತೇವೆ. ಆದರೆ ಅಡ್ಡಹೆಸರು ಬದುಕಿರುವುದು ಅದನ್ನು ಕೂಗುವವನಿಂದಲ್ಲ, ಕೇಳಿ ನಗುವವರಿಂದ. ನಗುವವರಿಲ್ಲದ ಬಯಲಿನಲ್ಲಿ ನಿಂತು ಯಾವ ಹುಡುಗನೂ "ಸೋಡಾಬುಡ್ಡಿ" ಎಂದು ಕೂಗುವುದಿಲ್ಲ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಪೀಡಿಸುವವರು ಪ್ರತಿ ತರಗತಿಯಲ್ಲೂ ಇಬ್ಬರೋ ಮೂವರೋ ಇರುತ್ತಾರೆ, ನಗುವವರು ಮೂವತ್ತು ಮಂದಿ. ಮತ್ತು ಆ ಮೂವತ್ತು ಮಂದಿ, ನಮ್ಮ ಸಂಪಾದಕರಂತೆ, ಒಳ್ಳೆಯ ಮಕ್ಕಳು.

ಪಾಲಕರಲ್ಲಿ ಒಂದು ಮಾತು. ಮಗು ಬಂದು ಹೇಳಿದಾಗ "ಲಕ್ಷ್ಯ ಕೊಡಬ್ಯಾಡ" ಎನ್ನುವುದು ಅಥವಾ "ನೀನೂ ಎರಡು ಬಿಗಿ" ಎನ್ನುವುದು ನಮ್ಮ ಮನೆಗಳಲ್ಲಿ ರೂಢಿ. ಲಕ್ಷ್ಯ ಕೊಡದಿರುವುದು ಕೈಲಾಗುವ ಹಾಗಿದ್ದರೆ ಅದು ಬಂದು ನಿಮಗೆ ಹೇಳುತ್ತಲೇ ಇರಲಿಲ್ಲ. ಬಿಗಿಯುವ ಬಲವಿದ್ದರೆ ಅದನ್ನು ಯಾರೂ ಕೆಣಕುತ್ತಿರಲಿಲ್ಲ. ಎರಡು ಮಾತಿನಿಂದಲೂ ಮಗು ಕಲಿಯುವುದು ಒಂದೇ, ಇನ್ನು ಮನೆಯಲ್ಲಿ ಹೇಳಬಾರದು ಎಂಬುದನ್ನು. ಕಾರಣ ತಿಳಿಯದ ಹೊಟ್ಟೆನೋವು, ತಲೆನೋವು, ಹರಿದ ಪುಸ್ತಕ, ಇದ್ದಕ್ಕಿದ್ದಂತೆ ದಾರಿ ಬದಲಿಸಿ ಬೇರೆ ಓಣಿಯಿಂದ ಶಾಲೆಗೆ ಹೋಗುವುದು, ಇಂಥವನ್ನು ಕಂಡರೆ ದವಾಖಾನೆಗೆ ಹೋಗುವುದರ ಜೊತೆಗೆ ಶಾಲೆಗೂ ಒಮ್ಮೆ ಬನ್ನಿ.

ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕು. ಎಲ್ಲ ಅಡ್ಡಹೆಸರುಗಳೂ ಆಟದ ಬಯಲಿನಲ್ಲಿ ಹುಟ್ಟುವುದಿಲ್ಲ. ಜಾತಿಯ ಹೆಸರು ಹಿಡಿದು ಕರೆಯುವುದು, ತಂದೆಯ ಕಸುಬನ್ನು ಬೈಗುಳದಂತೆ ಎತ್ತಿ ಆಡುವುದು, ಇವನ್ನು ಮಕ್ಕಳು ಮನೆಯ ಜಗಲಿಯಿಂದ ತರುತ್ತಾರೆ. ಡಾ. ಅಂಬೇಡ್ಕರರು ಸಾತಾರೆಯಲ್ಲಿ ಓದುವಾಗ ಮನೆಯಿಂದ ಗೋಣಿತಟ್ಟು ತಂದು ತರಗತಿಯಲ್ಲಿ ಬೇರೆಯಾಗಿ ಕೂಡಬೇಕಾಗಿತ್ತು; ಜವಾನ ಬಂದು ನೀರು ಹಾಕದಿದ್ದರೆ ಆ ದಿನ ನೀರಿಲ್ಲ. ಇದನ್ನು ಅವರೇ ಬರೆದಿದ್ದಾರೆ. ಅದನ್ನು ಓದಿ ಅಯ್ಯೋ ಎನ್ನುವ ನಾವು, ಇಂದಿನ ಮಧ್ಯಾಹ್ನದ ಊಟದ ಪಂಕ್ತಿಯಲ್ಲಿ ಯಾರ ಪಕ್ಕದಲ್ಲಿ ಯಾರು ಕೂಡುತ್ತಾರೆ, ಯಾರ ಪಕ್ಕದ ಜಾಗ ಖಾಲಿ ಉಳಿಯುತ್ತದೆ ಎಂಬುದನ್ನು ನೋಡುತ್ತೇವೆಯೇ? ಇಲ್ಲಿ ಚೇಷ್ಟೆಯೆಂಬ ಮಾತೇ ಸಲ್ಲದು. 1989ರ ದೌರ್ಜನ್ಯ ತಡೆ ಕಾಯಿದೆ ಹಿರಿಯರ ಪಾಲಿಗೆ ಅದನ್ನು ಅಪರಾಧವೆಂದೇ ಕರೆದಿದೆ.

ಗಡಿನಾಡಿನವರಾದ ನಮಗೆ ಭಾಷೆಯೂ ಒಂದು ನೆಪ. 1956ರ ನವೆಂಬರ್ 1ರವರೆಗೆ ಗದ್ವಾಲ ರಾಯಚೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಮರುವಿಂಗಡಣೆಯಲ್ಲಿ ಮಹಬೂಬನಗರಕ್ಕೆ ಸೇರಿತು. 2016ರಲ್ಲಿ ಅದು ಬೇರೆ ಜಿಲ್ಲೆಯ ಕೇಂದ್ರವಾಯಿತು, 2019ರಲ್ಲಿ ನಾರಾಯಣಪೇಟೆಯೂ ಆಯಿತು. ಮೇಲೆ ಗೆರೆಗಳು ಬದಲಾದರೂ ಕೆಳಗೆ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಮರಾಠಿ ಎಲ್ಲ ಬೆರೆತೇ ಇವೆ. ಸಂತೆಯಲ್ಲಿ ಯಾರೂ ಯಾರ ಮಾತಿಗೂ ನಗುವುದಿಲ್ಲ, ವ್ಯಾಪಾರ ನಡೆಯಬೇಕಲ್ಲ! ನಗುವುದು ಶಾಲೆಯಲ್ಲಿ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವಿರಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಆ ವಿಧಿ ನಮಗೆ ಶಾಲೆ ಕೊಡಬಹುದು. ಹತ್ತನೆಯ ತರಗತಿಯ ನಂತರ ಕಾಲೇಜಿನಲ್ಲಿ "ಕನ್ನಡೋಡು" ಎಂದು ಕರೆಸಿಕೊಳ್ಳುವ ಹುಡುಗನ ಪಕ್ಕದಲ್ಲಿ ಹೋಗಿ ಕೂಡಲಾರದು. ನಾವು ಅಲ್ಲಿ ಅನುಭವಿಸುವುದನ್ನೇ ಇಲ್ಲಿ, ನಮ್ಮ ಕನ್ನಡ ಶಾಲೆಗೆ ತೆಲುಗಿನಿಂದ ಬಂದ ಮಗುವಿಗೆ ಮಾಡುತ್ತೇವೆಂಬುದನ್ನು ನಾನು ನನ್ನ ಕೈಯಾರೆ ಮಾಡಿ ಕಲಿತೆ.

ಹೆಣ್ಣುಮಕ್ಕಳಲ್ಲಿ ಕೂಗಾಟ ಕಡಿಮೆ. ಅಲ್ಲಿ ಟೂ ಬಿಡುವುದು, ಬೆಂಚಿನಲ್ಲಿ ಜಾಗ ಕೊಡದಿರುವುದು, ಹತ್ತಿರ ಬಂದ ಕೂಡಲೇ ಮಾತು ನಿಲ್ಲಿಸುವುದು. ಹೊರಗಿನವರಿಗೆ ಏನೂ ಕಾಣುವುದಿಲ್ಲ. ಹುಡುಗಿ ಮಾತ್ರ ಬಾಡುತ್ತಾಳೆ. 2020ರ ಲಾಕ್‌ಡೌನಿನ ನಂತರ ಮನೆಮನೆಗೂ ಬಂದ ಮೊಬೈಲಿನಿಂದ ಇದು ಶಾಲೆಯ ಗೇಟನ್ನೂ ದಾಟಿದೆ. ನಮ್ಮ ಕಾಲದಲ್ಲಿ ಮನೆಯ ಹೊಸ್ತಿಲು ದಾಟಿದರೆ ಹುಲಿ ಮತ್ತೆ ಹುಡುಗನಾಗುತ್ತಿತ್ತು. ಈಗ ವಾಟ್ಸ್‌ಆಪ್ ಗುಂಪಿನಲ್ಲಿ ರಾತ್ರಿ ಹತ್ತು ಗಂಟೆಗೂ ಯಾರದೋ ಫೋಟೋಕ್ಕೆ ಕೊಂಬು ಬರೆದು ಹಾಕುತ್ತಾರೆ.

ಉಪಾಧ್ಯಾಯ ಮಿತ್ರರು ಕೋಪಿಸಿಕೊಳ್ಳಬಾರದು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಬೆತ್ತವನ್ನು ನಾವು ಬಿಟ್ಟೆವು, ನಾಲಗೆಯನ್ನು ಬಿಡಲಿಲ್ಲ. ಅಂಕಗಳನ್ನು ಗಟ್ಟಿಯಾಗಿ ಓದಿ ಹೇಳುವಾಗ ಒಂದು ಬಾಲ ಸೇರಿಸುತ್ತೇವೆ, ಹಾಜರಿ ಕರೆಯುವಾಗ ಒಂದು ಟೀಕೆ. ಅದು ಬಿಡುವಿನ ವೇಳೆಗೆ ಅಂಗಳದಲ್ಲಿ ಓಡಾಡುತ್ತಿರುತ್ತದೆ. ಪೀಡಿಸಿದವನನ್ನು ತರಗತಿಯ ಮುಂದೆ ನಿಲ್ಲಿಸಿ ಅವಮಾನಿಸುವುದರಿಂದಲೂ ಪ್ರಯೋಜನ ಕಾಣೆ. ಬಲವಿದ್ದವನು ಬಲವಿಲ್ಲದವನನ್ನು ನಾಲ್ಕು ಜನರೆದುರು ಕುಗ್ಗಿಸಬಹುದೆಂಬ ಪಾಠವನ್ನೇ ಅವನು ಮತ್ತೊಮ್ಮೆ ಕಲಿಯುತ್ತಾನೆ. ಬೇರೆಯಾಗಿ ಕರೆದು ಕೇಳಬೇಕು. ಹಾಗೆ ಕೇಳಿದಾಗ ಅವರಲ್ಲಿ ಕೆಲವರು ಇನ್ನೆಲ್ಲೋ ಪೆಟ್ಟು ತಿಂದು ಬಂದವರೆಂಬುದು ನನಗೆ ತಿಳಿದುಬಂದಿದೆ. ದೂರಿನ ಪೆಟ್ಟಿಗೆಯ ವಿಷಯ ಹೇಳುವುದಾದರೆ, ನಾನು ಕಂಡ ಪೆಟ್ಟಿಗೆಗಳಲ್ಲಿ ಚಾಕೊಲೇಟಿನ ಕಾಗದಗಳೇ ಹೆಚ್ಚು. ಎಲ್ಲರೂ ಓಡಾಡುವ ವರಾಂಡದಲ್ಲಿ ಪೆಟ್ಟಿಗೆ ನೇತುಹಾಕಿದರೆ ಯಾವ ಹುಡುಗ ಚೀಟಿ ಹಾಕುತ್ತಾನೆ?

ಆ ಹುಡುಗನ ವಿಷಯ ಅರ್ಧಕ್ಕೆ ನಿಂತಿತು. ಮುಂದಿನ ವಾರ ನಾನು ತರಗತಿಯಲ್ಲಿ ಬೇರೆ ಪಾಠ ಮಾಡಲಿಲ್ಲ. ಕರಿಹಲಗೆಯ ಮೇಲೆ ಹಾಲು, ಹುಲಿ, ಹಂದಿ, ಹೂ, ಹಲ್ಲು ಎಂದು ಬರೆದೆ. ಪಕ್ಕದಲ್ಲಿ ಪಾಲ್, ಪುಲಿ, ಪಂದಿ, ಪೂ, ಪಲ್ ಎಂದು ಬರೆದೆ. ಎರಡನೆಯ ಸಾಲು ಯಾವ ಭಾಷೆಯೆಂದು ಕೇಳಿದೆ. ತೆಲುಗು ಎಂದರು, ಒಬ್ಬಿಬ್ಬರು ತಮಿಳು ಎಂದರು. ಅದು ಕನ್ನಡ, ಪಂಪನ ಕಾಲದ ಕನ್ನಡ ಎಂದೆ. ಸುಮಾರು 10ನೆಯ ಶತಮಾನದಿಂದ ಈಚೆಗೆ ನಮ್ಮ ನಾಲಗೆಯಲ್ಲಿ ಪದದ ಮೊದಲಿನ ಪಕಾರ ಹಕಾರವಾಗುತ್ತ ಬಂತು. ತೆಲುಗಿನಲ್ಲಿ, ತಮಿಳಿನಲ್ಲಿ ಹಾಗೆಯೇ ಉಳಿಯಿತು. ಪಾಲು ಎಂದರೆ ಹಾಲು ಎಂದವನು ತಪ್ಪು ಹೇಳಿರಲಿಲ್ಲ, ಸಾವಿರ ವರ್ಷದ ಹಿಂದಿನ ಕನ್ನಡಿಗನೊಬ್ಬನಿಗೆ ಒಪ್ಪುವಂತೆ ಹೇಳಿದ್ದ. ತಪ್ಪಿದವನು ಕನ್ನಡದ ಮಾಸ್ತರ, ಈ ಪಾಠವನ್ನು ಆ ದಿನವೇ ಮಾಡದೆ ನಗೆಚಾಟಿಕೆ ಮಾಡಿದ್ದು ನನ್ನ ತಪ್ಪು ಎಂದು ಹೇಳಿದೆ. ಆಮೇಲೆ ನನ್ನ ಹುಲಿಯ ಕಥೆಯನ್ನೂ ಹೇಳಿದೆ. ಯಾರೂ ನಗಲಿಲ್ಲ. ಒಬ್ಬಳು ಹುಡುಗಿ ಮಾತ್ರ ಎದ್ದು, "ಸರ, ಅವ ಬಂದ್ರ ನಮ್ಮ ಬೆಂಚಿನ್ಯಾಗ ಜಾಗ ಐತ್ರಿ" ಎಂದಳು.

ಅವನು ಬಂದ. ನಾನು ಮತ್ತೆ ಎರಡು ಸಲ ಹೋಗಬೇಕಾಯಿತು. ಹತ್ತಿಯ ಕೆಲಸ ಮುಗಿದ ಮೇಲೆ, ದೀಪಾವಳಿ ಕಳೆದು ಬಂದ. ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ತನ್ನ ತರಗತಿಯಲ್ಲಿ ಆ ಹೆಸರು ನಿಂತಿತು. ಬೇರೆ ತರಗತಿಗಳಲ್ಲಿ ಇನ್ನೂ ಒಂದು ವರ್ಷ ನಡೆಯಿತು. ಮೇಲಿನ ತರಗತಿಯವನೊಬ್ಬ ನೀರಿನ ಟಾಕಿಯ ಹತ್ತಿರ ಹಾಗೆ ಕರೆದಾಗ, ಜೊತೆಗಿದ್ದ ಇವನ ಸಹಪಾಠಿಗಳು ನಗದೆ ಸುಮ್ಮನೆ ಅವನನ್ನೇ ನೋಡಿದರಂತೆ. ಅವನು ಇನ್ನೊಮ್ಮೆ ಕರೆದು, ಯಾರೂ ನಗದಿದ್ದಾಗ ಹೊರಟುಹೋದನಂತೆ. ಹುಡುಗ ಹತ್ತನೆಯ ತರಗತಿ ಪಾಸಾದ, ಕನ್ನಡದಲ್ಲಿ ಒಳ್ಳೆಯ ಅಂಕ ಬಂತು. ಆದರೆ ಆ ಎರಡು ವರ್ಷಗಳಲ್ಲಿ ಅವನು ತಾನಾಗಿ ಎದ್ದು ಗಟ್ಟಿಯಾಗಿ ಓದಿದ್ದು ಒಂದು ಸಲವೂ ಇಲ್ಲ. ಬೀಳ್ಕೊಡುವ ಸಮಾರಂಭದಲ್ಲಿ ನಾಲ್ಕು ಮಾತು ಆಡೆಂದು ಕೇಳಿದೆ. "ಬ್ಯಾಡ್ರಿ ಸರ" ಎಂದು ಕುರ್ಚಿಗಳನ್ನು ಜೋಡಿಸಲು ಹೋದ.

ಈ ಶಾಲೆಯಲ್ಲಿ ಯಾರಿಗಾದರೂ ಹೇಳಿಕೊಳ್ಳುವುದಿದ್ದರೆ ಸಂಜೆ ಗಂಟೆಯಾದ 0ಮೇಲೆ ಅರ್ಧ ತಾಸು ನಾನು ಗ್ರಂಥಾಲಯದ ಕೋಣೆಯಲ್ಲಿರುತ್ತೇನೆ. ನನ್ನೊಡನೆ ಹೇಳಲು ಮನಸ್ಸಿಲ್ಲದವರಿಗೆ 1098 ಎಂಬ ಮಕ್ಕಳ ಸಹಾಯವಾಣಿಯಿದೆ. ಮನಸ್ಸಿನ ತೊಂದರೆಗಳಿಗೆಂದೇ 2022ರಲ್ಲಿ ಆರಂಭವಾದ 14416 ಎಂಬ ದೂರವಾಣಿಯಿದೆ, ಎರಡಕ್ಕೂ ಹಣ ಬೀಳುವುದಿಲ್ಲ. ಗ್ರಂಥಾಲಯಕ್ಕೆ ಬರುವವರು, ಯಾರಾದರೂ ಕೇಳಿದರೆ, ಪುಸ್ತಕ ಬದಲಿಸಲು ಹೋಗುತ್ತಿದ್ದೇವೆಂದು ಹೇಳಬಹುದು. ನಾನೂ ಹಾಗೆಯೇ ಹೇಳುತ್ತೇನೆ.